ಅಪ್ಪನ ಪೇಟಿ ಊರು ಬಿಟ್ಟದ್ದು

1992ರ ಮೇ ತಿಂಗಳಲ್ಲಿ ನನಗೆ ಧಾರವಾಡದಿಂದ ದೆಹಲಿಗೆ ವರ್ಗವಾಯಿತು. ಮನೆ ಸಾಮಾನಿನ ಜೊತೆ ತೀರಿಹೋದ ಅಪ್ಪನ ಹಾರ್ಮೋನಿಯಂ ಕೂಡ ಲಾರಿ ಹತ್ತಿತು. ನಮ್ಮ ಕಡೆ ಅದಕ್ಕೆ ಪೇಟಿ ಅಂತೀವಿ. ಪೇಟಿಗೆ ಮತ್ತೊಂದು ಪೆಟ್ಟಿಗೆ ಯಾಕೆ ಅಂತ ಬರೀ ಜಮಖಾನ ಸುತ್ತಿ ಕಳಿಸಿದ್ದೆ. ದೆಹಲಿಯಲ್ಲಿ ಬಿಚ್ಚಿ ತಿದಿ ಒತ್ತಿದರೆ, ಯಾವ ಮನೆಯನ್ನೂ ಮುಟ್ಟದೆ ಒಂದು ಸ್ವರ ತಾನಾಗಿ ಕೂಗತೊಡಗಿತು. ನನಗೆ ಎದೆ ಧಸಕ್ಕೆಂದಿತು.

ಈ ಪೇಟಿಯೇ ಮೂಲತಃ ಪರಊರಿನದು. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿದು ನುಡಿಸುವಂಥದು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಮಾಡಿದರು. ಹೊತ್ತು ತಿರುಗಲು ಹಗುರಾಯಿತು. ಆದರೆ ಒಳಗಿನ ಯಂತ್ರ ಮಾತ್ರ ಮೊದಲಿನಷ್ಟೇ ನಾಜೂಕು.

ಹಳೇ ದಿಲ್ಲಿಯ ವೃದ್ಧ ಮಿಸ್ತ್ರಿಯೊಬ್ಬರು ಬಿಚ್ಚಿ ತೋರಿಸಿದರು. ಪ್ರತಿ ಮನೆಗೂ ಗಾಳಿಯ ಕಿಂಡಿ ಮುಚ್ಚುವ ಒಂದು ಪಟ್ಟಿ, ಅದನ್ನು ಒತ್ತಿಹಿಡಿಯುವ ತಂತಿಯ ಸ್ಪ್ರಿಂಗು. ಲಾರಿಯ ಕುಲುಕಾಟಕ್ಕೆ ಒಂದು ಸ್ಪ್ರಿಂಗು ಜಾರಿತ್ತು, ಅಷ್ಟೆ. ಅವರು ಹೇಳಿಕೊಟ್ಟದ್ದು ಇಷ್ಟು: ಮುಂದಿನ ಸ್ಟಾಪುಗಳನ್ನೆಲ್ಲ ಒಳಗೆ ತಳ್ಳಿ, ತಿದಿಗೆ ಕೊಕ್ಕೆ ಹಾಕಿ. ಮನೆಗಳು ಕುಣಿಯದಂತೆ ಮೇಲೆ ಮಡಿಸಿದ ಬಟ್ಟೆ ಇಟ್ಟು ಮುಚ್ಚಳ ಮುಚ್ಚಿ. ಗಟ್ಟಿ ಪೆಟ್ಟಿಗೆಯಲ್ಲಿ ಸುತ್ತಲೂ ಹತ್ತಿ ತುಂಬಿ, ಅಡ್ಡ ಮಲಗಿಸದೆ ಸಾಗಿಸಿ. ಮುಟ್ಟಿದ ಮೇಲೆ ಎರಡು ದಿನ ಸುಮ್ಮನೆ ಬಿಡಿ. ಒಣಹವೆಗೆ ಮರ ಕುಗ್ಗುತ್ತದೆ, ತೇವಕ್ಕೆ ಉಬ್ಬುತ್ತದೆ. ಹೊಸ ಗಾಳಿ ಅದಕ್ಕೆ ಒಗ್ಗಬೇಕು. ಹೊರಗಿನ ಧೂಳು ಒರೆಸದೆ ತಿದಿ ಒತ್ತಬೇಡಿ. ಹಿತ್ತಾಳೆ ರೀಡಿನ ನಾಲಿಗೆಗೆ ಒಂದು ಕಣ ಸಿಕ್ಕರೂ ಸ್ವರ ಕಟ್ಟುತ್ತದೆ.

ಒಗ್ಗಲು ಪೇಟಿ ಪಟ್ಟ ಪಾಡೂ ಕಡಿಮೆಯಲ್ಲ. ಮೀಂಡ್, ಗಮಕ ಇದರಲ್ಲಿ ಬಾರದು ಎಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಇದನ್ನು ಹೊರಗಿಟ್ಟಿತು. ಆ ನಿರ್ಬಂಧ ಸಡಿಲಾದದ್ದು 1971ರಲ್ಲಿ. ಧಾರವಾಡಕ್ಕೆ 1950ರಲ್ಲೇ ಬಾನುಲಿ ಕೇಂದ್ರ ಬಂದರೂ ಅಪ್ಪನ ಹರೆಯದ ಕಾಲವೆಲ್ಲ ಪೇಟಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. ಅವರು ಮನೆಯಲ್ಲೇ ನುಡಿಸಿದರು.

1998ರಲ್ಲಿ ಪುಣೆಗೆ ವರ್ಗವಾದಾಗ ಮಿಸ್ತ್ರಿ ಹೇಳಿದಂತೆಯೇ ಕಟ್ಟಿದೆ. ಮಕ್ಕಳು ಅವಸರ ಮಾಡಿದರೂ ಮೂರನೇ ದಿನವೇ ತೆರೆದದ್ದು. ತಿದಿ ಒತ್ತಿದೆ, ಸದ್ದಿಲ್ಲ. ಮನೆ ಒತ್ತಿದಾಗ ಮಾತ್ರ ಷಡ್ಜ ಬಂತು, ಅಪ್ಪ ಬಿಟ್ಟುಹೋದ ಹಾಗೇ.