ಎತ್ತಿನ ನಡಿಗೆಯ ಜೀಪು

ನಮ್ ದುರ್ಗದ ಸೀಮೆಗೆ ಮಳೆಗೆ ಬರ ಐತೆ, ಕಲ್ಲಿಗೆ ಬರ ಇಲ್ಲ. ಕೋಟೆ ಗುಡ್ಡದ ಗುಂಡುಗಳನ್ನ ನೋಡಾಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ. ಹೊಳಲ್ಕೆರೆ ಹೊಸದುರ್ಗದ ಅದಿರಿನ ಗುಡ್ಡ, ಹಿರಿಯೂರು ಕಡೆಯ ಜಾಲಿಮುಳ್ಳಿನ ನಡುವಿನ ಕಲ್ಲುಹಾಸು ಮಾತ್ರ ನಮ್ಮಂಥ ಊರೋರಿಗೇ ಗೊತ್ತು. ಅಂಥ ಕಲ್ಲಿನ ಮೇಲೆ ಹತ್ತಿಸೋಕೆ ಅಂತ ನಮ್ಮಣ್ಣನ ಮಗ ಈಗ ಕೊಟ್ಟಿಗೆ ಪಕ್ಕದಾಗೆ ಒಂದು ಜೀಪು ಬಿಚ್ಚಿ ಹಾಕ್ಯಾನೆ. ಅವನ ಬಾಯಲ್ಲಿ ಅದು ರಾಕ್ ಕ್ರಾಲರ್. ನಮ್ಮಮ್ಮನ ಬಾಯಲ್ಲಿ ಅದು ಹಾಳು ಜೀಪು, ಗುಜರಿಗೆ ಹಾಕಿದ್ರೆ ಒಂದು ಎಮ್ಮೆ ಬರ್ತಿತ್ತು ಅಂಬೋ ಲೆಕ್ಕ.

ಇದೆಲ್ಲ ಅಮೆರಿಕದೋರ ಆಟ, ಮೊಬೈಲಿನಾಗೆ ನೋಡಿ ಕಲಿತದ್ದು ಅಂತ ಹುಡುಗ ತಿಳಕೊಂಡಾನೆ. ಹೆಸರೇನೋ ಅಲ್ಲೀದೇ. ಆದ್ರೆ ಕೆಲಸ ನಮ್ಮ ಕಡೆ ಹೊಸದಲ್ಲ. ಅದಕ್ಕೇ ನನಗೆ ಗೊತ್ತಿರೋ ಚರಿತ್ರೇನ ಒಂದು ಕಡೆ ಬರೆದಿಡಾಣ ಅಂತ ಕೂತಿದೀನಿ.

ಮೊದಲು ಜೀಪಿನ ಹುಟ್ಟು. 1940ರಾಗೆ ಅಮೆರಿಕದ ಸೈನ್ಯಕ್ಕೆ ಹಗುರಾದ, ನಾಲ್ಕೂ ಚಕ್ರ ಎಳೆಯೋ ಒಂದು ಗಾಡಿ ಬೇಕಾಯ್ತು. ಮಾದರಿ ಗಾಡಿ ಮಾಡಿಕೊಡೋಕೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಅಂಬೋ ಸಣ್ಣ ಕಂಪನಿ ಆ ಗಡುವಿನೊಳಗೇ ಮಾಡಿ ಕೊಡ್ತು. ಆದ್ರೆ ದೊಡ್ಡ ಆರ್ಡರ್ ಹೋದದ್ದು ವಿಲ್ಲೀಸ್‌ಗೆ, ಆಮೇಲೆ ಫೋರ್ಡ್‌ಗೆ. ಬೀಜ ಒಬ್ಬರದು, ಸುಗ್ಗಿ ಇನ್ನೊಬ್ಬರದು. ಯುದ್ಧ ಮುಗಿಯೋ ಹೊತ್ತಿಗೆ ಈ ಎರಡು ಕಂಪನಿ ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪು ಇಳಿಸಿದ್ವು. ಯುದ್ಧಕ್ಕೆ ಬಂದ ಜೀಪುಗಳು ಇಂಡಿಯಾದಾಗೂ ಉಳಿದವು, ಹರಾಜಿಗೆ ಬಂದವು. ನಮ್ಮ ಹಿರೀಕರು ಅವಕ್ಕೆ ಡಿಸ್ಪೋಸಲ್ ಜೀಪು ಅಂತಿದ್ರು. 1940ರ ದಶಕ ಮುಗಿಯೋದ್ರೊಳಗೆ ಮಹೀಂದ್ರದೋರು ಬೊಂಬಾಯಿನಾಗೆ ವಿಲ್ಲೀಸ್ ಜೀಪಿನ ಬಿಡಿ ಭಾಗ ತರಿಸಿ ಜೋಡಿಸೋಕೆ ಶುರು ಮಾಡಿದ್ರು. 1953ರಾಗೆ ವಿಲ್ಲೀಸ್‌ನೋರು ಸಿಜೆ-3ಬಿ ಅಂಬೋ ಮಾದರಿ ತಂದ್ರು. ಅದರ ಹೊಸ ಇಂಜಿನ್ನು ಎತ್ತರ ಆಯ್ತು, ಹಳೇ ಬಾನೆಟ್ಟಿನಾಗೆ ಕೂರ್ಲಿಲ್ಲ, ಅದಕ್ಕೇ ಬಾನೆಟ್ಟನ್ನೇ ಎತ್ತರಿಸಿದ್ರು. ನಾವು ಚಿಕ್ಕೋರಿದ್ದಾಗ ನೋಡಿದ ಸರ್ಕಾರಿ ಜೀಪುಗಳ ಆ ಎತ್ತರದ ಮೂತಿ ಅಂಗೆ ಬಂದದ್ದು. ಅಮೆರಿಕದೋರು 1968ಕ್ಕೆ ಆ ಮಾದರಿ ನಿಲ್ಲಿಸಿದ್ರೂ ನಮ್ಮಲ್ಲಿ ಅದು ಇನ್ನೂ ಬಾಳ ವರ್ಷ ಬಂತು.

ಅದೇ 1953ರಾಗೆ ಕ್ಯಾಲಿಫೋರ್ನಿಯಾದ ರುಬಿಕಾನ್ ಅಂಬೋ ಕಲ್ಲುದಾರಿಯಾಗೆ ಜೀಪಿನೋರೆಲ್ಲ ಸೇರಿ ಒಂದು ಜಾತ್ರೆ ಮಾಡಿದ್ರು. 1967ರಿಂದ ಯೂಟಾ ರಾಜ್ಯದ ಮೋಆಬ್‌ನಾಗೆ ಈಸ್ಟರ್ ಹಬ್ಬಕ್ಕೆ ಇನ್ನೊಂದು ಜಾತ್ರೆ. ಕಲ್ಲು ಹತ್ತೋದು ಆಟ ಆದದ್ದು ಅಲ್ಲಿ. ನಮ್ಮಲ್ಲಿ ಆ ಕಾಲಕ್ಕೆ ಕಲ್ಲು ಹತ್ತೋದು ಸಂಬಳದ ಕೆಲಸ.

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರಾಗಬ್ಯಾಡ್ರಿ. ಇಡೀ ವಿಷಯ ನಿಂತಿರೋದೇ ಇದರ ಮೇಲೆ. ಜೀಪಿನ ಶಕ್ತಿ ಇಂಜಿನ್ನಿನಾಗೆ ಇಲ್ಲ, ಹಲ್ಲಿನಾಗೆ ಐತೆ. ಸಿಜೆ-3ಬಿ ಗೇರ್ ಬಾಕ್ಸಿನ ಒಂದನೇ ಗೇರು ಸುಮಾರು 2.8. ಅದರ ಹಿಂದೆ ಫೋರ್ ವೀಲ್ ಬಾಕ್ಸಿನ ಲೋ ಗೇರು 2.46. ಕೊನೆಗೆ ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ 5.38. ಮೂರನ್ನೂ ಗುಣಿಸಿದ್ರೆ 37 ಬರ್ತೈತೆ. ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಇಂಜಿನ್ನು 37 ಸುತ್ತು ತಿರುಗಬೇಕು. ಇಂಜಿನ್ನು ನಿಮಿಷಕ್ಕೆ ಸಾವಿರ ಸುತ್ತು ತಿರುಗ್ತಾ ಇದ್ರೆ, ಆ ಟೈರಿನ ಅಳತೆಗೆ ಗಾಡಿ ಹೋಗೋದು ಗಂಟೆಗೆ ಮೂರೂವರೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಭಾರ ಹೂಡಿದ ಎತ್ತು ನಡೆಯೋದೂ ಹೆಚ್ಚುಕಮ್ಮಿ ಅಷ್ಟೇ.

ನಮ್ಮಪ್ಪ ಈ ಲೆಕ್ಕ ಕೇಳಿದೋರಲ್ಲ. ಆದ್ರೆ ಕಲ್ಲಿನ ಮೇಲೆ ಗಾಡಿ ಹೊಡೆಯೋವಾಗ ಬಾರುಕೋಲು ಕೆಳಗಿಡಬೇಕು ಅಂತಿದ್ರು. ಎತ್ತು ತಾನೇ ಕಾಲಿಡೋ ಜಾಗ ನೋಡ್ಕೊಂತೈತೆ, ಅವಸರ ಮಾಡಿದ್ರೆ ಅಚ್ಚು ಮುರೀತೈತೆ. ಜೀಪಿಗೂ ಅದೇ ಮಾತು. ಕಲ್ಲಿನ ಮುಂದೆ ಆಕ್ಸಿಲೇಟರ್ ತುಳಿಯೋನು ಮುರಿಯೋದು ಆಕ್ಸಲ್ಲು ಇಲ್ಲಾ ಜಾಯಿಂಟ್ ಕ್ರಾಸು. ಈಗಿನ ಹುಡುಗರು ಎರಡು ಬಾಕ್ಸನ್ನ ಒಂದರ ಹಿಂದೆ ಒಂದು ಕೂರಿಸಿ ಆ 37ನ್ನ ನೂರರ ಮೇಲಕ್ಕೆ ಒಯ್ತಾರೆ. ಆಗ ಗಾಡಿ ಗಂಟೆಗೆ ಒಂದೂವರೆ ಕಿಲೋಮೀಟರ್ ಕೂಡ ಹೋಗಲ್ಲ, ಕಲ್ಲು ಇಳಿಯೋವಾಗ ಬ್ರೇಕು ಮುಟ್ಟೋದೇ ಬೇಕಾಗಲ್ಲ. ಲಕ್ಷ ಸುರಿದು ನಿಧಾನ ಕೊಂಡ್ಕೊಳ್ಳೋದು ಅಂದ್ರೆ ಅಮ್ಮನಿಗೆ ಇನ್ನೂ ನಗು.

ದುರ್ಗಕ್ಕೆ ಜೀಪು ಬೇಕಾದದ್ದು ಗಣಿಯಿಂದ. ಇಂಗಳದಾಳಿನ ತಾಮ್ರ, ಭೀಮಸಮುದ್ರದ ಕಡೆಯ ಕಬ್ಬಿಣ, ಹೊಸದುರ್ಗದ ಕಡೆಯ ಮ್ಯಾಂಗನೀಸ್. ಅದಿರು ಇರೋ ಕಡೆ ರೋಡು ಇರಲ್ಲ. ಲಾರಿ ಹೋಗೋ ದಾರಿ ಆಗೋಕೆ ಮುಂಚೆ ಅಳತೆ ಮಾಡೋರು, ಮೇಸ್ತ್ರಿಗಳು, ಕುಡಿಯೋ ನೀರಿನ ಡ್ರಮ್ಮು ಎಲ್ಲಾ ಗುಡ್ಡ ಹತ್ತಬೇಕು. ಆ ಜೀಪುಗಳ ಡ್ರೈವರುಗಳೇ ನಮ್ಮ ಕಡೆಯ ಮೊದಲ ರಾಕ್ ಕ್ರಾಲರುಗಳು. ಅವರಿಗೆ ಯಾರೂ ಬಹುಮಾನ ಕೊಡ್ಲಿಲ್ಲ. ಗಾಡಿ ಕೆಟ್ರೆ ಗುಡ್ಡದ ಮೇಲೇ ಬಿಚ್ಚಿ ಕೂರೋರು, ದುರ್ಗದ ಲೇತ್ ಅಂಗಡೀಲಿ ಬುಷ್ಷು ಕಡೆಸಿಕೊಂಡು ಬಸ್ಸಿನಾಗೆ ವಾಪಸ್ ಬರೋರು. ಎರಡು ಹೆದ್ದಾರಿ ಕೂಡೋ ಊರು ನಮ್ಮದು. ಹಳೇ ಲೆಕ್ಕದ 4 ಮತ್ತು 13, ಈಗಿನ 48 ಮತ್ತು 50. ಲಾರಿ ರಿಪೇರಿಯೋರು ಅದಕ್ಕೇ ಇಲ್ಲಿ ಬಂದು ನಿಂತದ್ದು. ಲಾರಿಗೆ ಇದ್ದ ವಿದ್ಯೆ ಜೀಪಿಗೂ ಸಿಕ್ತು.

ಆಮೇಲೆ ಪೆಟ್ರೋಲಿನ ಏಟು. 1973 ಮತ್ತು 1979ರಾಗೆ ಎಣ್ಣೆ ಬೆಲೆ ಏರಿದಾಗ ಪೆಟ್ರೋಲ್ ಜೀಪು ಸಾಕೋದು ಆನೆ ಸಾಕಿದಂಗಾಯ್ತು. ಜನ ಇಂಜಿನ್ನೇ ಕಿತ್ತು ಡೀಸೆಲ್ ಇಂಜಿನ್ ಕೂರಿಸೋಕೆ ಶುರು ಮಾಡಿದ್ರು. ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸು, ಟ್ರಾಕ್ಟರಿನಿಂದ ಇಳಿಸಿದ್ದು, ಸಿಕ್ಕಿದ್ದು. ಕೊನೆಗೆ ಕಂಪನಿಯೋರೂ ಅದೇ ದಾರಿಗೆ ಬಂದ್ರು. ಮಹೀಂದ್ರದ ಸಿಜೆ 500 ಡಿ ಒಳಗೆ ಇದ್ದದ್ದು ಇಂಟರ್‌ನ್ಯಾಷನಲ್ ಟ್ರಾಕ್ಟರಿನ ವಂಶದ ಇಂಜಿನ್ನು, 1985ರ ಎಂಎಂ 540 ಒಳಗೆ 2112 ಸಿಸಿಯ ಪ್ಯೂಜೊ ಡೀಸೆಲ್ಲು.

ನಮ್ಮನೆ ಜೀಪೂ ಅಂಥದ್ದೇ. ಹರಾಜಿನಾಗೆ ಹಿಡಿದ ಪೆಟ್ರೋಲ್ ಗಾಡಿ, ಆಮೇಲೆ ಡೀಸೆಲ್ ಆದದ್ದು. ಡೀಸೆಲ್ ಇಂಜಿನ್ನು ಭಾರ ಜಾಸ್ತಿ, ಮೂತಿ ಕುಸೀತು. ಮುಂದಿನ ಕಮಾನ್ ಪಟ್ಟಿಗೆ ಇನ್ನೊಂದು ಬ್ಲೇಡು ಸೇರಿಸಿದ್ರು. ಬ್ಲೇಡು ಸೇರಿಸಿದ ಮೇಲೆ ಗಾಡಿ ಬಿರುಸಾಯ್ತು, ಅಡಿಕೆ ಮೂಟೆ ಇಲ್ದೆ ಓಡಿಸಿದ್ರೆ ಸೊಂಟ ಕಳಚ್ತಿತ್ತು. ಇಷ್ಟೆಲ್ಲದರ ನಡುವೆ ಅಪ್ಪ ಒಂದು ಕೆಲಸ ಮಾಡಿದ್ರು. ಆಫೀಸಿಗೆ ಐದಾರು ಸಲ ತಿರುಗಿ ಆರ್‌ಸಿ ಪುಸ್ತಕದಾಗೆ ಹೊಸ ಇಂಜಿನ್ ನಂಬರ್ರು, ಡೀಸೆಲ್ ಅಂಬೋ ಮಾತು, ಎರಡೂ ಬರೆಸಿಕೊಂಡು ಬಂದ್ರು. ಆವತ್ತು ಮನ್ಯಾಗೆ ಎಲ್ಲರೂ ಆ ಓಡಾಟಕ್ಕೆ ಬೈದಿದ್ರು. ಪುಸ್ತಕ ಈಗಲೂ ದೇವರ ಗೂಡಿನ ಕೆಳಗಿನ ಟ್ರಂಕಿನಾಗೆ ಐತೆ.

ಸಾಕೋ ವಿಷಯ ಹೇಳ್ಬೇಕು, ಕಟ್ಟೋದಕ್ಕಿಂತ ಅದೇ ದೊಡ್ಡದು. ಹಳೇ ಜೀಪಿನ ಮುಂದಿನ ಆಕ್ಸಲ್ ಕೊನೆಗೆ ಎರಡು ಗುಂಡು ಬುರುಡೆ ಇರ್ತವೆ. ಅವುಗಳ ಸೀಲು ಹೋದ್ರೆ ಒಳಗಿನ ಎಣ್ಣೆ ಟೈರಿಗೆ ಇಳೀತೈತೆ. ಕಿಂಗ್ ಪಿನ್ ಸಡಿಲಾದ್ರೆ ಸ್ಟೇರಿಂಗು ಕೈಯಾಗೆ ನಡುಗ್ತೈತೆ. ಹಳ್ಳ ದಾಟಿ ಬಂದ ಮೇಲೆ ಆಕ್ಸಲ್ ಎಣ್ಣೆ ಬಿಚ್ಚಿ ನೋಡ್ಬೇಕು, ಮಜ್ಜಿಗೆ ಬಣ್ಣ ಬಂದಿದ್ರೆ ನೀರು ಹೊಕ್ಕೈತೆ ಅಂತ ಅರ್ಥ. ಜಾಯಿಂಟ್ ಕ್ರಾಸಿಗೆ ಗ್ರೀಸು ಹೊಡೆಯೋದು ಬಿಟ್ಟೋನಿಗೆ ನಡುದಾರಿನೇ ಗತಿ. ನಮ್ಮನ್ಯಾಗೆ ಇದಕ್ಕೆ ಅಮಾವಾಸ್ಯೆ ಲೆಕ್ಕ ಇತ್ತು. ಎತ್ತಿನ ಗಾಡಿ ಕಾಲದಾಗೆ ಅಮಾವಾಸ್ಯೆ ದಿನ ಗಾಡಿ ಹೂಡ್ತಿರಲಿಲ್ಲ, ಕಡಾಣಿ ಕಿತ್ತು ಕೀಲೆಣ್ಣೆ ಹಾಕೋರು. ಗಾಡಿ ಹೋಗಿ ಜೀಪು ಬಂದ್ರೂ ಆ ದಿನ ಬಿಡಲಿಲ್ಲ, ಗ್ರೀಸ್ ಗನ್ನು ಆವತ್ತೇ ಹೊರಗೆ ಬರ್ತಿತ್ತು. ಯಾರೂ ಹಿಂಗೆ ಮಾಡ್ರಿ ಅಂತ ಹೇಳಿಕೊಟ್ಟದ್ದಲ್ಲ.

2011ರ ಆಗಸ್ಟಿನಾಗೆ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸ್ತು. ರಾತ್ರಿ ಹಗಲು ಧೂಳೆಬ್ಬಿಸ್ತಿದ್ದ ಲಾರಿಗಳು ಸಾಲಾಗಿ ನಿಂತ್ವು. ಆಮೇಲೆ ಗಣಿ ತಿರುಗಾ ಶುರು ಆಯ್ತು, ಆದ್ರೆ ಅಷ್ಟರಾಗೆ ಗುಡ್ಡದ ಮೇಲೆ ಗಾಳಿ ಯಂತ್ರ ನಿಲ್ಲಿಸೋಕೆ ಕಡಿದ ಅಗಲ ರೋಡುಗಳೂ ಬಂದಿದ್ವು. ಜೀಪು ಇಲ್ದೆ ಆಗದ ಕೆಲಸ ಅಂತ ಯಾವುದೂ ಉಳೀಲಿಲ್ಲ. ಕೆಲಸ ಇಲ್ಲದ ಗಾಡಿ ಆಟಕ್ಕೆ ಬಂತು. ಬೆಂಗಳೂರಿನ ಜೆ.ಸಿ. ರೋಡಿನಾಗೆ ಸಾಮಾನು, ಮಂಡಿ ಡಬ್ವಾಲಿಯಿಂದ ಹೊಸದಾಗಿ ಕಟ್ಟಿದ ಬಾಡಿ, ದಪ್ಪ ಟೈರು. ಹುಡುಗರು ಕಲ್ಲು ಹುಡುಕ್ಕೊಂಡು ಹೊರಟ್ರು. ಕೋಟೆ ಕಲ್ಲು ಮುಟ್ಟಂಗಿಲ್ಲ, ಅದು ಪುರಾತತ್ವ ಇಲಾಖೆದು. ಜೋಗಿಮಟ್ಟಿ ಅರಣ್ಯ ಇಲಾಖೆದು. ಹಂಗಾಗಿ ನಮ್ಮ ಕಲ್ಲುಹೊಲಕ್ಕೆ ಈಗ ಎಲ್ಲಿಲ್ಲದ ಬೆಲೆ. ರಾಗಿ ಬೆಳೀದ ಹೊಲ ಕೊನೆಗೂ ಒಂದು ಕೆಲಸಕ್ಕೆ ಬಂತು ಅಂತ ಅಣ್ಣ.

ಜಗಳ ಶುರು ಆದದ್ದು ಆಕ್ಸಲ್ಲಿನಿಂದ. ಈ ಜೀಪಿನಾಗೆ ಕಮಾನ್ ಪಟ್ಟಿ ಆಕ್ಸಲ್ ಕೆಳಗೆ ಇರ್ತೈತೆ. ಅದನ್ನ ಆಕ್ಸಲ್ ಮೇಲಕ್ಕೆ ತಂದ್ರೆ ಗಾಡಿ ನಾಲ್ಕೈದು ಇಂಚು ಎತ್ತರ ಆಗ್ತೈತೆ, ದೊಡ್ಡ ಟೈರು ಹಿಡೀತೈತೆ. ಆದ್ರೆ ಭಾರ ಮೇಲಕ್ಕೆ ಹೋಗ್ತೈತೆ, ಸ್ಟೇರಿಂಗಿನ ರಾಡು ಓರೆ ಆಗ್ತೈತೆ, ಗುಂಡಿ ಬಿದ್ದಾಗಲೆಲ್ಲ ಗಾಡಿ ತಾನೇ ಪಕ್ಕಕ್ಕೆ ಎಳೀತೈತೆ. ಹಳೇ ಬ್ರೇಕ್ ಹೋಸ್ ಪೈಪು ಅಷ್ಟು ಉದ್ದ ಸಾಲಲ್ಲ. ಹುಡುಗನ ಇನ್ನೊಂದು ಆಸೆ ಡಿಫ್ರೆನ್ಷಿಯಲ್ ಒಳಗಿನ ಹಲ್ಲುಗಳನ್ನ ವೆಲ್ಡಿಂಗ್ ಮಾಡಿ ಕೂಡಿಸೋದು. ಒಂದು ಚಕ್ರ ಗಾಳಿಯಾಗೆ ಎದ್ರೆ ಶಕ್ತಿ ಎಲ್ಲಾ ಅಲ್ಲೇ ಸುತ್ತಿ ಹಾಳಾಗ್ತೈತೆ, ಕೂಡಿಸಿದ್ರೆ ಎರಡೂ ಚಕ್ರ ಒಟ್ಟಿಗೆ ತಿರುಗ್ತವೆ. ಕಲ್ಲಿನ ಮೇಲೆ ಅದು ಬಡವನ ಲಾಕರ್, ನಿಜ. ಟಾರ್ ರೋಡಿನಾಗೆ ತಿರುವು ಬಂದಾಗ ಎರಡೂ ಚಕ್ರ ಜಗ್ಗಾಡ್ತವೆ, ಟೈರು ಸವೀತೈತೆ, ಮಳೆ ಬಿದ್ದ ರೋಡಿನಾಗೆ ಹಿಂಭಾಗ ಜಾರ್ತೈತೆ. ಅದೇ ಜೀಪಿನಾಗೆ ಅಮ್ಮನ್ನ ಹೊಳಲ್ಕೆರೆ ಆಸ್ಪತ್ರೆಗೆ ಕರಕೊಂಡು ಹೋಗೋದು.

ಕಾನೂನೂ ಐತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿ ಬದಲಾಯಿಸೋದನ್ನ ಕಟ್ಟಿ ಹಾಕೈತೆ. 2019ರ ಜನವರಿನಾಗೆ ಸುಪ್ರೀಂ ಕೋರ್ಟು ಇನ್ನೂ ಬಿಗಿ ಮಾಡ್ತು: ಕಂಪನಿ ಹೇಳಿದ ಮೂಲ ಅಳತೆಗೆ ವಿರುದ್ಧವಾಗಿ ಗಾಡಿ ತಿದ್ದಂಗಿಲ್ಲ ಅಂತ. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ನೋಂದಣಿ ಹೊಸ ಮಾಡಿಸ್ಬೇಕು, 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. ತಪಾಸಣೆಯೋರ ಮುಂದೆ ಐದು ಇಂಚು ಎತ್ತರದ ಜೀಪು ನಿಂತ್ರೆ ಅಪ್ಪ ಬರೆಸಿದ ಆ ಪುಸ್ತಕವೂ ಕಾಯಲ್ಲ. ನನಗೆ ಕೇಳಿದ್ರೆ ಈ ಕಾನೂನು ರೋಡಿಗೆ ಸರಿ. ಒಂದು ಮಾತು ಮಾತ್ರ ಹೇಳ್ತೀನಿ: ಇಂಜಿನ್ ಬದಲಿಸಿ ಕಾಗದ ಮಾಡಿಸಿಕೊಂಡ ಹಳ್ಳಿ ರೈತನೂ, ಕಾಗದವೇ ಇಲ್ಲದೆ ಮೆರೆಯೋನೂ, ದೂರದಿಂದ ನೋಡೋರಿಗೆ ಒಂದೇ ಥರ ಕಾಣ್ತಾರೆ.

ಅಣ್ಣ ತೀರ್ಮಾನ ಮಾಡಿದ್ದು ಇಷ್ಟು. ನಮ್ಮನೆ ಜೀಪಿನ ಚಾಸಿ, ಆಕ್ಸಲ್ಲು, ಬ್ರೇಕು ಯಾವುದನ್ನೂ ಕಡಿಯಂಗಿಲ್ಲ, ಅದು ನಂಬರಿನ ಗಾಡಿ, ಅಮ್ಮನ ಗಾಡಿ. ಬಿಚ್ಚಿದ್ದನ್ನ ಮೊದಲಿದ್ದಂಗೇ ಕೂಡಿಸ್ಬೇಕು. ಕಲ್ಲಿಗೆ ಬೇಕಾದ್ರೆ ಗುಜರಿ ಸೇರಿರೋ ಇನ್ನೊಂದು ಚಾಸಿ ತಂದ್ಕೋ, ಅದು ಹೊಲ ಬಿಟ್ಟು ಆಚೆ ಬರಬಾರದು, ಲಾರಿ ಮೇಲೆ ಹೇರಿಕೊಂಡು ಹೋಗು. ಮಗುಚಿದ್ರೆ ತಲೆ ಉಳಿಯೋಕೆ ಪೈಪಿನ ಪಂಜರ ಮೊದಲು, ದಪ್ಪ ಟೈರು ಆಮೇಲೆ. ಪಂಜರಕ್ಕೆ ನೀರಿನ ಜಿಐ ಪೈಪು ಹಾಕೋಕೆ ಹೊರಟಿದ್ದ ಹುಡುಗ. ವೆಲ್ಡಿಂಗ್ ಮಾಡೋ ನಮ್ಮ ಮಾವನೇ ಬ್ಯಾಡ ಅಂದ್ರು: ಅದರ ಮೇಲಿನ ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬರ್ತೈತೆ, ಉದ್ದಕ್ಕೆ ಬೆಸುಗೆ ಇರೋ ಪೈಪು ಪೆಟ್ಟು ಬಿದ್ರೆ ಅಲ್ಲೇ ಬಾಯಿ ಬಿಡ್ತೈತೆ, ಬೆಸುಗೆ ಇಲ್ಲದ ಪೈಪು ತಾ ಅಂತ.

ಹುಡುಗ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಬುರುಡೆ ಸೀಲು, ಕಿಂಗ್ ಪಿನ್ ಬೇರಿಂಗಿನ ನಂಬರ್ರು ಒಂದು ಚೀಟಿನಾಗೆ ಬರಕೊಂಡು ದಾವಣಗೆರೆ ಬಸ್ಸು ಹತ್ತಿದ. ಚೀಟಿಯ ಕೆಳಗೆ ಅಮ್ಮ ಎರಡು ಕೇಜಿ ಬೆಲ್ಲ ಅಂತ ಸೇರಿಸಿದ್ಲು.