ಬಸ್ಸಿನಲ್ಲೇ ಉಳಿದ ಔಷಧ

ಬೀದರಿನಿಂದ ಭಾಲ್ಕಿಯ ಸಂತೆಗೆ ಹೊರಟ ಬಸ್ಸಿನಲ್ಲಿ ನೂರು ಜನರಿದ್ದಾರೆ ಎಂದಿಟ್ಟುಕೊಳ್ಳಿ. ಊರು ಬಂದಾಗ ಹತ್ತೇ ಜನ ಇಳಿದರೆ, ವ್ಯಾಪಾರ ಮಾಡುವವರು ಆ ಹತ್ತು ಜನ ಮಾತ್ರ. ನಮ್ಮ ರಕ್ತದೊಳಗಿನ ಆ್ಯಂಟಿಬಯೋಟಿಕ್ ಔಷಧಗಳ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ.

ಇಲ್ಲಿ ಬಸ್ಸೆಂದರೆ ಅಲ್ಬುಮಿನ್. ಪಿತ್ತಜನಕಾಂಗ ತಯಾರಿಸುವ ಈ ಪ್ರೋಟೀನ್ ಅನೇಕ ಔಷಧಗಳನ್ನು ತನಗೆ ಅಂಟಿಸಿಕೊಂಡು ಸಾಗುತ್ತದೆ. ಅಂಟಿಕೊಂಡ ಔಷಧ ರಕ್ತನಾಳ ದಾಟಿ ಸೋಂಕಿನ ಜಾಗಕ್ಕೆ ಸುಲಭವಾಗಿ ಹೋಗದು, ಬ್ಯಾಕ್ಟೀರಿಯಾವನ್ನು ಕೊಲ್ಲದು. ಬಿಡಿಯಾಗಿ ಉಳಿದ ಭಾಗವೇ ಕೆಲಸ ಮಾಡಬೇಕು. ಪೆನಿಸಿಲಿನ್‌ನಲ್ಲಿ ಸುಮಾರು ಶೇ 60, ಕ್ಲಾಕ್ಸಾಸಿಲಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಹೀಗೆ ಅಂಟಿಕೊಳ್ಳುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಮಣ್ಣಿನಿಂದಲೇ ಬಂದ ಔಷಧವೊಂದು ಸಾಕ್ಷಿ. ಇಂದೋರ್ ಪ್ರದೇಶದ ನಿಮೋಡಿ ಗ್ರಾಮದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದರಿಂದ ಇಟಲಿಯ ಲೆಪೆಟಿಟ್ ಸಂಸ್ಥೆಯ ವಿಜ್ಞಾನಿಗಳು ಟೈಕೋಪ್ಲಾನಿನ್ ಪಡೆದರು. 1978ರಲ್ಲಿ ಅದರ ವಿವರ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಅದು ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾವನ್ನು ಚೆನ್ನಾಗಿಯೇ ಅಡಗಿಸಿತು. ಆದರೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ರಕ್ತದ ಅಲ್ಬುಮಿನ್ ಇರುವುದಿಲ್ಲ. ಮನುಷ್ಯನ ದೇಹದಲ್ಲಿ ಈ ಔಷಧದ ಶೇ 90ರಷ್ಟು ಅಂಟಿಕೊಂಡುಬಿಡುತ್ತದೆ. ತೀವ್ರ ಸ್ಟೆಫೈಲೊಕಾಕಸ್ ಸೋಂಕಿಗೆ ಕಡಿಮೆ ಪ್ರಮಾಣದಲ್ಲಿ ಅದನ್ನು ಕೊಟ್ಟು ನೋಡಿದ ಪರೀಕ್ಷೆಯೊಂದನ್ನು, ಚಿಕಿತ್ಸೆ ಫಲಿಸದ್ದರಿಂದ, ಅರ್ಧಕ್ಕೇ ನಿಲ್ಲಿಸಬೇಕಾಯಿತು. 1987ರಲ್ಲಿ ಅದರ ವರದಿ ಬಂತು. ಅನಂತರದ ವರ್ಷಗಳಲ್ಲಿ ವೈದ್ಯರು ಪ್ರಮಾಣ ಹೆಚ್ಚಿಸಿದರು. ಈಗ ಆರಂಭದಲ್ಲಿ 12 ಗಂಟೆಗೊಮ್ಮೆ ದೊಡ್ಡ ಡೋಸ್ ಕೊಟ್ಟು, ಬಳಿಕ ದಿನಕ್ಕೊಮ್ಮೆ ಕೊಡುವ ಪದ್ಧತಿ ಇದೆ.

ಹಾಗೆಂದು ಅಂಟಿಕೊಳ್ಳುವುದು ಬರೀ ದೋಷವಲ್ಲ. ಬಿಡಿ ಔಷಧ ಖರ್ಚಾದಂತೆ ಅಲ್ಬುಮಿನ್ ತನ್ನಲ್ಲಿದ್ದುದನ್ನು ಬಿಟ್ಟುಕೊಡುತ್ತ ಹೋಗುತ್ತದೆ. ಕಣಜದಿಂದ ಕಾಳು ತೆಗೆದಂತೆ. ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಅನೇಕ ಸೋಂಕುಗಳಿಗೆ ದಿನಕ್ಕೆ ಒಂದೇ ಸಾಕಾಗುವುದಕ್ಕೆ ಇದೂ ಒಂದು ಕಾರಣ. ಅಪೌಷ್ಟಿಕತೆ, ಸುಟ್ಟಗಾಯ, ಪಿತ್ತಜನಕಾಂಗದ ಕಾಯಿಲೆಗಳಲ್ಲಿ ಅಲ್ಬುಮಿನ್ ಕುಸಿಯುತ್ತದೆ. ಆಗ ಬಿಡಿ ಔಷಧ ಹೆಚ್ಚಾದರೂ ಅದು ದೇಹದಿಂದ ಬೇಗನೆ ಹೊರಹೋಗಬಹುದು. ಆದ್ದರಿಂದ ಅಂಥ ರೋಗಿಗಳ ವಿಷಯದಲ್ಲಿ ವೈದ್ಯರು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ಒಂದು ಮಾತ್ರೆ ದಿನಕ್ಕೆ ಮೂರು ಸಲ, ಇನ್ನೊಂದು ಒಂದೇ ಸಲ ಏಕೆ ಎಂದು ನಾವು ಗೊಣಗುತ್ತೇವೆ. ಜ್ವರ ಇಳಿಯಿತೆಂದು ಒಂದೆರಡು ಹೊತ್ತು ಬಿಟ್ಟೂಬಿಡುತ್ತೇವೆ. ಆ ಚೀಟಿಯ ಹಿಂದೆ ಇಷ್ಟೆಲ್ಲ ಲೆಕ್ಕವಿದೆ. ಹೊತ್ತು ತಪ್ಪಿಸಿದರೆ ಮೊದಲು ಕಡಿಮೆಯಾಗುವುದು ಬಸ್ಸಿನಿಂದ ಇಳಿದು ದುಡಿಯಬೇಕಾದ ಆ ಹತ್ತು ಜನರೇ.