ಅಡಿಪಾಯದ ದಿನಗಳು: ಸ್ಪೇನಿನಲ್ಲಿ ವ್ಯಾಸಂಗಕ್ಕೆ ತೊಡಗುವವರ ಮೊದಲ ತಿಂಗಳುಗಳು

ದೈವಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ನಮ್ಮ ಗುರುಗಳು ರೋಮಿಗೆ ಹೋಗುವುದು ಹಳೆಯ ರೂಢಿ. ಸ್ಪೇನಿನ ಹಾದಿ ಅಷ್ಟು ಹಳೆಯದಲ್ಲ. ಆದರೂ 1952ರಲ್ಲಿ ಪಾಂಪ್ಲೋನದಲ್ಲಿ ಆರಂಭಗೊಂಡ ನವಾರ ವಿಶ್ವವಿದ್ಯಾಲಯವೇ ಮೊದಲಾದ ವಿದ್ಯಾಪೀಠಗಳು ಇಂದು ಭಾರತೀಯ ಗುರುಗಳಿಗೆ ಅಪರಿಚಿತವಲ್ಲ. ಲೈಸೆನ್ಷಿಯೇಟ್ ಪದವಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಅವಧಿಯುಂಟು. ಆದ್ದರಿಂದ ಭಾಷೆಯನ್ನು ಕಲಿಯಲು ಹಿಡಿಯುವ ಆರಂಭದ ತಿಂಗಳುಗಳನ್ನು ಕಳುಹಿಸಿದವರೂ ಹೋದವರೂ ವ್ಯರ್ಥವಾದ ಕಾಲವೆಂದೇ ಎಣಿಸುತ್ತಾರೆ. ಈ ಎಣಿಕೆ ತಪ್ಪೆಂಬುದಕ್ಕೆ ಧರ್ಮಸಭೆಯ ಇತಿಹಾಸವೇ ಸಾಕ್ಷಿ.

ಲೊಯೋಲದ ಸಂತ ಇಗ್ನಾಸಿಯವರ ವಿದ್ಯಾರ್ಥಿ ಜೀವನವನ್ನು ಗಮನಿಸೋಣ. 1524ರಲ್ಲಿ, ಮೂವತ್ತು ದಾಟಿದ ಆ ಮಾಜಿ ಯೋಧ ಬಾರ್ಸೆಲೋನದಲ್ಲಿ ಬಾಲಕರ ಜೊತೆ ಕುಳಿತು ಲತೀನ್ ವ್ಯಾಕರಣವನ್ನು ಆರಂಭಿಸಿದರು. ಅನಂತರ ಅಲ್ಕಲಾ ಮತ್ತು ಸಲಮಾಂಕ ನಗರಗಳಲ್ಲಿ ತರ್ಕ, ಪ್ರಕೃತಿಶಾಸ್ತ್ರ, ದೈವಶಾಸ್ತ್ರಗಳನ್ನು ಅವಸರದಿಂದ ಓದಿದರು. 1528ರಲ್ಲಿ ಕಾಲ್ನಡಿಗೆಯಿಂದ ಪ್ಯಾರಿಸ್ಸನ್ನು ಮುಟ್ಟಿದಾಗ ತಮ್ಮ ಓದಿಗೆ ಅಡಿಪಾಯವೇ ಇಲ್ಲವೆಂದು ಅವರಿಗೆ ಮನವರಿಕೆಯಾಯಿತು. ಮತ್ತೆ ಬಾಲಕರ ತರಗತಿಗೇ ಸೇರಿದರು. ನಂಬಿ ಒಪ್ಪಿಸಿದ್ದ ಹಣವನ್ನು ಸ್ವದೇಶೀಯನೊಬ್ಬನು ಖರ್ಚು ಮಾಡಿಬಿಟ್ಟಿದ್ದರಿಂದ ಧರ್ಮಛತ್ರದಲ್ಲಿ ತಂಗಿ, ಭಿಕ್ಷೆ ಬೇಡಿ ಓದಬೇಕಾಯಿತು. ಪರದೇಶದ ವಿದ್ಯಾರ್ಥಿಯ ಬವಣೆಗಳಲ್ಲಿ ಅವರು ಕಾಣದೆ ಉಳಿದದ್ದು ಕಡಿಮೆ. ಯೇಸುಸಭೆಯ ಸದಸ್ಯರು ತಾವು ನೆಲೆಸಿದ ನಾಡಿನ ಭಾಷೆಯನ್ನು ಕಲಿಯಬೇಕೆಂಬ ವಿಧಿಯನ್ನು ಅದರ ಸಂವಿಧಾನದಲ್ಲಿ ಸೇರಿಸಿದವರೂ ಅವರೇ.

ಸ್ಪೇನಿಗೆ ಹೋದ ನಮ್ಮವರ ಬವಣೆ ಅಷ್ಟು ಕಠಿಣವಲ್ಲ; ಆದರೂ ನಿಜವಾದದ್ದು. ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ, ರಾತ್ರಿಯ ಊಟ ಒಂಬತ್ತರ ಮೇಲೆ ಎಂಬುದಕ್ಕೆ ಶರೀರ ಬೇಗ ಒಗ್ಗುತ್ತದೆ. ಒಗ್ಗದಿರುವುದು ಮೌನಕ್ಕೆ. ಊರಿನಲ್ಲಿ ಪ್ರಬೋಧನೆ ಮಾಡಿ, ಜಗಳ ಬಿಡಿಸಿ, ಪಾಪನಿವೇದನೆ ಆಲಿಸಿದ ಗುರು ಇಲ್ಲಿ ಊಟದ ಮೇಜಿನಲ್ಲಿ ಇತರರು ನಕ್ಕಾಗ ಕಾರಣವರಿಯದೆ ನಗುತ್ತಾನೆ. ಬಲಿಪೂಜೆಯ ಕ್ರಮ ಪರಿಚಿತ, ಪದಗಳು ಮಾತ್ರ ಅಪರಿಚಿತ. ಅರ್ಥವಾಗದ್ದನ್ನು ಅರ್ಥವಾಯಿತೆಂದು ತಲೆಯಾಡಿಸುವುದೂ, ಸ್ವದೇಶೀಯರ ಗುಂಪಿನಲ್ಲಿಯೇ ಉಳಿದುಬಿಡುವುದೂ ಆಗ ಎದುರಾಗುವ ಪ್ರಲೋಭನೆಗಳು. ಇವುಗಳಿಗೆ ಮಣಿದವನು ಪದವಿಯೊಂದಿಗೆ ಮರಳಬಹುದು. ಒಂದು ಜನಾಂಗದ ವಿಶ್ವಾಸದ ಪರಿಚಯವಿಲ್ಲದೆ ಮರಳುತ್ತಾನೆ.

ಕನ್ನಡಿಗನು ಬರಿಗೈಯಲ್ಲಿ ಹೋಗುವುದಿಲ್ಲವೆಂಬುದೂ ಸ್ಮರಣೀಯ. ಸ್ಪ್ಯಾನಿಷ್ ಭಾಷೆಯ ತ, ದ, ಪ, ಕ ಧ್ವನಿಗಳು ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರ. ‘ಬಂದೆನು’ ಎಂದರೆ ಬಂದವರು ಯಾರೆಂದು ನಮ್ಮ ಕ್ರಿಯಾಪದವೇ ತಿಳಿಸುವಂತೆ ಅಲ್ಲಿಯ ಕ್ರಿಯಾಪದವೂ ತಿಳಿಸುತ್ತದೆ. ‘ಮೆ ಗುಸ್ತಾ’ ಎಂಬುದರ ವಾಕ್ಯರಚನೆ ‘ನನಗೆ ಹಿಡಿಸುತ್ತದೆ’ ಎಂಬುದರ ಜಾಡಿನಲ್ಲಿಯೇ ಇದೆ. ‘ತೂ’ ಮತ್ತು ‘ಉಸ್ತೆದ್’ ಎಂಬ ಭೇದ ನೀನು-ನೀವು ಬಲ್ಲವರಿಗೆ ಸುಲಭ. ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಗೌರವೋಕ್ತಿ ಸವೆದು ಉಸ್ತೆದ್ ಆಯಿತು. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬುದನ್ನು ಮಾತ್ರ ಬಾಯಿಪಾಠ ಮಾಡದೆ ಗತಿಯಿಲ್ಲ.

ಇನ್ನೊಂದು ಸಿದ್ಧತೆ ನಮ್ಮ ನೆಲದ್ದು. ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥವನ್ನು ನಾಡು 1938ರ ಏಪ್ರಿಲ್ 25ರ ಧ್ವಜ ಸತ್ಯಾಗ್ರಹ ಮತ್ತು ಗೋಲಿಬಾರಿನಿಂದ ನೆನೆಯುತ್ತದೆ. ಅದು ಗಡಿಯ ಊರೂ ಹೌದು. ಗೌರಿಬಿದನೂರಿನ ಈ ಸೀಮೆಯಲ್ಲಿ ಮನೆಯಲ್ಲಿ ತೆಲುಗಾಡುವ ಎಷ್ಟೋ ಮಕ್ಕಳು ಶಾಲೆಯ ಮೊದಲ ದಿನವೇ ಕನ್ನಡಕ್ಕೆ ದಾಟುತ್ತಾರೆ. ಇಂಥಲ್ಲಿಂದ ಗುರುಮಠಕ್ಕೆ ಬಂದವನಿಗೆ ಇಂಗ್ಲಿಷ್ ಎರಡನೆಯ ದಾಟು, ಸ್ಪ್ಯಾನಿಷ್ ಮೂರನೆಯದು. ಇದೇ ಗಡಿಯಾಚೆಯ ಅನಂತಪುರಕ್ಕೆ 1969ರಲ್ಲಿ ಬಂದವರು ಬಾರ್ಸೆಲೋನದ ವಿಸೆಂತೆ ಫೆರ್ರೆರ್. 1952ರಲ್ಲಿ ಯೇಸುಸಭೆಯವರಾಗಿ ಭಾರತಕ್ಕೆ ಬಂದು ಮರಾಠಿ ನಾಡಿನ ಮನ್ಮಾಡದಲ್ಲಿ ದುಡಿದಿದ್ದ ಅವರು, ಐವತ್ತರ ಅಂಚಿನಲ್ಲಿ ತೆಲುಗರ ನಡುವೆ ಮತ್ತೆ ಮೊದಲಿನಿಂದ ತೊಡಗಿದರು. 1970ರಲ್ಲಿ ಯೇಸುಸಭೆಯನ್ನು ತೊರೆದ ಮೇಲೂ, 2009ರಲ್ಲಿ ಮೃತರಾಗುವವರೆಗೂ, ಆ ಬರದ ನಾಡಿನ ಬಡವರನ್ನು ಬಿಡಲಿಲ್ಲ.

ಹೀಗೆ ಬಂದವರಿಗೆ ನಮ್ಮ ನಾಡು ತೋರಿದ ಸಹನೆಯನ್ನು ನಾವು ಮರೆಯಬಾರದು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಲಿಯೊನಾರ್ದೊ ಚಿನ್ನಮಿಯವರೂ, 1853ರಲ್ಲಿ ಬಂದು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರೂ ಒಂದು ಕಾಲಕ್ಕೆ ತೊದಲಿದವರೇ. ಆ ತೊದಲನ್ನು ತಾಳ್ಮೆಯಿಂದ ಆಲಿಸಿ ತಿದ್ದಿದ ಸಾಮಾನ್ಯ ಕನ್ನಡಿಗರ ಹೆಸರುಗಳು ಚರಿತ್ರೆಯಲ್ಲಿ ಬಹುಮಟ್ಟಿಗೆ ಉಳಿದಿಲ್ಲ. ಅವರ ಉಪಕಾರ ನಿಘಂಟಿನ ಪುಟಪುಟದಲ್ಲಿಯೂ ಇದೆ.

ಆದಕಾರಣ, ವ್ಯಾಸಂಗಕ್ಕೆ ಕಳುಹಿಸುವ ಧರ್ಮಾಧ್ಯಕ್ಷರೂ ಗುರುಶಿಕ್ಷಣದ ಹೊಣೆ ಹೊತ್ತ ನಾವೂ ಭಾಷೆಯ ತಿಂಗಳುಗಳನ್ನು ಪದವಿಯ ಅವಧಿಯಿಂದ ಕಡಿದು ಕೊಡದೆ, ಪ್ರತ್ಯೇಕವಾಗಿಯೇ ಕೊಡತಕ್ಕದ್ದು. ಹೋದವನು ಆ ತಿಂಗಳುಗಳಲ್ಲಿ ‘ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಕೇಳುವ ದೈನ್ಯವನ್ನು ಅಭ್ಯಾಸ ಮಾಡಲಿ. ಇಂದು ಬೆಂಗಳೂರಿನ ಸುತ್ತಲಿನ ನಮ್ಮ ಧರ್ಮಕೇಂದ್ರಗಳಿಗೆ ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಕೂಲಿಕಾರರು ಕನ್ನಡವರಿಯದೆ ಕೊನೆಯ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಮೌನ ಎಂಥದೆಂದು ಬಲ್ಲ ಗುರು ನಮಗೆ ಬೇಕು. ಪಾಂಪ್ಲೋನದ ಊಟದ ಮೇಜು ಅಂಥವನನ್ನು ಸಿದ್ಧಪಡಿಸಬಲ್ಲದು.